ಹಿತ್ತಿಲ ಅಂಚೆ: ಪರಿಷೆಯ ಕಡಲೆಕಾಯಿ, ಚಳಿಗಾಲದ ಅಳಿಲು

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ಮೇಲೆ ಪ್ರತಿವರ್ಷ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಅಲ್ಲಿಯತನಕ ದಾಸವಾಳದ ಹಿಟ್ಟುತಿಗಣೆ, ಕರಿಬೇವಿನ ಎಲೆಚುಕ್ಕೆ ಅಂತ ಬರೆಯುತ್ತಿದ್ದವರು ಒಮ್ಮೆಲೇ ಅಳಿಲಿನ ಕಡೆ ತಿರುಗುತ್ತಾರೆ. ಮನೆಯಲ್ಲಿ ಸೇರುಗಟ್ಟಲೆ ಕಡಲೆಕಾಯಿ ಇದೆ, ಕಿಟಕಿಯಾಚೆ ಅಳಿಲು ಇದೆ, ಬೆಳಗ್ಗೆ ಸ್ವೆಟರ್ ಹಾಕಿಕೊಳ್ಳುವಷ್ಟು ಚಳಿಯೂ ಇದೆ. ಇನ್ನೇನು ಬೇಕು? ಈ ಸಲ ಅಳಿಲಿನ ಪತ್ರಗಳನ್ನೇ ಒಟ್ಟು ಮಾಡಿ ಉತ್ತರಿಸಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ, ಹಿಟ್ಟುತಿಗಣೆ ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಹಿತ್ತಿಲಿನ ಅಳಿಲುಗಳಿಗೆ ಆಹಾರ ಸಿಗದೆ ಸಾಯುತ್ತವೆ, ತಪ್ಪದೆ ಉಣಿಸಬೇಕು ಎಂದು ಇಂಟರ್ನೆಟ್‌ನಲ್ಲಿ ಓದಿದೆ. ಪರಿಷೆಯಿಂದ ತಂದ ಹಸಿ ಕಡಲೆಕಾಯಿ ಬೇಕಾದಷ್ಟಿದೆ. ದಿನಕ್ಕೆ ಎಷ್ಟು ಹಾಕಲಿ? ಹಸಿಯೋ, ಹುರಿದದ್ದೋ?
— ಗೃಹಿಣಿ, ಗಿರಿನಗರ

ನೀವು ಓದಿದ್ದು ಸುಳ್ಳಲ್ಲ ತಾಯಿ, ಆದರೆ ಅದು ಹಿಮ ಬೀಳುವ ಊರಿನವರು ತಮ್ಮ ಊರಿನ ಅಳಿಲಿಗೆ ಬರೆದುಕೊಂಡದ್ದು. ಅಮೆರಿಕದ ಬೂದು ಅಳಿಲು ಚಳಿಗಾಲವಿಡೀ ಮಲಗುವ ಪ್ರಾಣಿಯಲ್ಲ. ಎಲೆ ಉದುರಿದ ಮರಗಳ ನಡುವೆ, ಸೊನ್ನೆಗಿಂತ ಕೆಳಗಿಳಿದ ಚಳಿಯಲ್ಲೂ ಎದ್ದು ಓಡಾಡಿ ಹೊಟ್ಟೆ ಹೊರೆಯಬೇಕು. ಶರತ್ಕಾಲದಲ್ಲಿ ಮಣ್ಣಿನಲ್ಲಿ ಹೂತಿಟ್ಟ ಓಕ್ ಬೀಜಗಳೇ ಅದರ ಉಗ್ರಾಣ. ಆ ಉಗ್ರಾಣದ ಮೇಲೆ ಹಿಮ ಗಟ್ಟಿಯಾಗಿ ಕೂತರೆ ಕಷ್ಟ. ಅಂಥ ಕಡೆ ಒಂದು ಹಿಡಿ ಕಾಳಿಗೆ ಅರ್ಥವಿದೆ.

ಗಿರಿನಗರದ ಕಥೆ ಬೇರೆ. ಬೆಂಗಳೂರಿನಲ್ಲಿ ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15–16 ಡಿಗ್ರಿ ಇರುತ್ತದೆ. ಈ ಊರಿನ ಹವಾಮಾನ ದಾಖಲೆಯಲ್ಲಿ ಅತ್ಯಂತ ಚಳಿಯ ದಿನ 1884ರ ಜನವರಿ 13. ಅವತ್ತೂ ಪಾದರಸ ಇಳಿದದ್ದು 7.8 ಡಿಗ್ರಿಗೆ, ಅಷ್ಟೇ. ಮೈಮೇಲೆ ತುಪ್ಪಳವಿರುವ ಪ್ರಾಣಿಗೆ ಇದು ಚಳಿಯೇ ಅಲ್ಲ. ಇನ್ನು ಆಹಾರ. ಹಿಂಗಾರು ಮಳೆ ಆಗಷ್ಟೇ ಮುಗಿದಿರುತ್ತದೆ, ಮರದ ತೊಗಟೆಯ ಸಂದಿನಲ್ಲಿ ಹುಳುಹುಪ್ಪಟೆ ದಂಡಿಯಾಗಿರುತ್ತವೆ. ಗಸಗಸೆ ಹಣ್ಣಿನ ಮರವಂತೂ ವರ್ಷಪೂರ್ತಿ ಕಾಯಿ ಬಿಡುತ್ತಲೇ ಇರುತ್ತದೆ. ಬೂರುಗದ ಮರ ಜನವರಿಯ ಹೊತ್ತಿಗೆ ಎಲೆ ಉದುರಿಸಿ ಹೂ ಬಿಟ್ಟಾಗ ಕೆಳಗೆ ನಿಂತು ನೋಡಿ: ಅಳಿಲು ಹೂವಿನೊಳಗೆ ಮೂತಿ ತೂರಿಸಿ ಮಕರಂದ ಹೀರಿ, ಮೀಸೆಗೆಲ್ಲ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಡಿಸೆಂಬರ್-ಜನವರಿ ಅದಕ್ಕೆ ಹಬ್ಬದ ತಿಂಗಳು. ಅದರ ಕಷ್ಟಕಾಲ ಫೆಬ್ರವರಿಯ ನಂತರ, ಅದೂ ನೀರಿಗೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹಾಗಾದರೆ ಹಾಕಲೇಬಾರದೆ? ಹಾಕಿ, ಯಾರು ಬೇಡ ಅಂದರು? ಆದರೆ ಅಳಿಲನ್ನು ಬದುಕಿಸುತ್ತಿದ್ದೇನೆ ಅಂತ ಅಂದುಕೊಳ್ಳದೆ, ನೋಡುವ ಖುಷಿಗೆ ಹಾಕುತ್ತಿದ್ದೇನೆ ಅಂತ ಅಂದುಕೊಳ್ಳಿ. ಆಗ ಅಳತೆ ತಾನಾಗಿಯೇ ಸರಿಹೋಗುತ್ತದೆ. ನಮ್ಮ ಅಳಿಲಿನ ತೂಕ ಸುಮಾರು 100 ಗ್ರಾಂ, ಹೊಸ ಸ್ನಾನದ ಸೋಪಿನಷ್ಟು. ಅದಕ್ಕೆ ಒಂದು ಬೊಗಸೆ ಕಡಲೆಕಾಯಿ ಸುರಿದರೆ ಹೇಗೆ? ಒಂದು ಅಳಿಲಿಗೆ ಎರಡು ಮೂರು ಕಾಯಿ ಧಾರಾಳ. ಅದೂ ದಿನಾ ಬೇಡ.

ಸಿಪ್ಪೆ ಬಿಡಿಸಬೇಡಿ. ಅಳಿಲಿನ ಬಾಚಿಹಲ್ಲು ಆಯುಷ್ಯಪೂರ್ತಿ ಬೆಳೆಯುತ್ತಲೇ ಇರುತ್ತದೆ. ಗಟ್ಟಿ ಪದಾರ್ಥ ಕಡಿದಷ್ಟೂ ಹಲ್ಲು ಸವೆದು ಹದದಲ್ಲಿರುತ್ತದೆ. ಅದು ತಿನ್ನುವ ವೈಖರಿ ನೋಡಬೇಕಾದರೂ ಸಿಪ್ಪೆ ಇರಬೇಕು. ಕಾಯನ್ನು ಎರಡೂ ಮುಂಗೈಯಲ್ಲಿ ಹಿಡಿದು, ಗರಗರ ತಿರುಗಿಸಿ, ತುದಿಯ ಕಡೆಯಿಂದಲೇ ಕಡಿಯಲು ಶುರುಮಾಡುತ್ತದೆ. ಚೂರು ಚೂರಾಗಿ ಸಿಪ್ಪೆ ಕೆಳಗೆ ಉದುರುತ್ತದೆ. ಬೀಜ ಹೊರಬಂದ ಮೇಲೂ ನೇರ ಬಾಯಿಗಿಡುವುದಿಲ್ಲ. ನಮ್ಮ ಹಿತ್ತಿಲಿನ ಕಾಂಪೌಂಡ್ ಮೇಲೆ ಕೂತು ತಿನ್ನುವ ಅಳಿಲು ಬೀಜದ ಮೇಲಿನ ಕೆಂಪು ಹೊಟ್ಟನ್ನೂ ಹಲ್ಲಿನಲ್ಲಿ ಕೆರೆದು ಉಗಿದೇ ಒಳಗೆ ಹಾಕುವುದು. ಮದುವೆಮನೆಯಲ್ಲಿ ಕೋಸಂಬರಿಯಿಂದ ಮೆಣಸಿನಕಾಯಿ ಆರಿಸುವವರೂ ಇಷ್ಟು ಶ್ರದ್ಧೆ ತೋರುವುದಿಲ್ಲ.

ಹಸಿಯೋ ಹುರಿದದ್ದೋ ಎಂಬ ಪ್ರಶ್ನೆ ಮುಖ್ಯವಾದದ್ದು. ಪರಿಷೆಯ ಹಸಿ ಕಾಯಿಯಲ್ಲಿ ನೀರಿನಂಶ ಜಾಸ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರವಿದ್ದರೆ ಅದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಿಸುತ್ತದೆ, ಹೊಡೆತ ಬೀಳುವುದು ಪಿತ್ತಜನಕಾಂಗಕ್ಕೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಏಕಾಏಕಿ ಸತ್ತವು. ಬ್ರೆಜಿಲ್‌ನಿಂದ ತರಿಸಿದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ಆಮೇಲೆ ಗೊತ್ತಾಯಿತು. ಅಫ್ಲಟಾಕ್ಸಿನ್ ಪತ್ತೆಯಾದದ್ದೇ ಆ ತನಿಖೆಯಲ್ಲಿ. ಆದ್ದರಿಂದ ಕಾಯನ್ನು ಮೊರದಲ್ಲಿ ಹರಡಿ, ಕಟುಂ ಎನ್ನುವಷ್ಟು ಬಿಸಿಲಿನಲ್ಲಿ ಒಣಗಿಸಿ, ಉಪ್ಪು ಹಾಕದೆ ಹುರಿದು ಕೊಡಿ. ಮುಗ್ಗಲು ವಾಸನೆ ಬಂದದ್ದನ್ನು "ಪಾಪ, ಅಳಿಲಿಗಾದರೂ ಆಗುತ್ತದೆ" ಎಂದು ಎತ್ತಿಡಬೇಡಿ. ನಿಮಗಾಗದ್ದು ಅದಕ್ಕೂ ಆಗದು.

ಪ್ರಶ್ನೆ: ಮಗನ ಪಠ್ಯಪುಸ್ತಕದಲ್ಲಿ ಐದು ಪಟ್ಟೆಯ ಅಳಿಲು ಎಂದಿದೆ. ನಮ್ಮ ಬಾಲ್ಕನಿಗೆ ಬರುವುದಕ್ಕೆ ಮೂರೇ ಇವೆ. ಇದು ಮರಿಯೇ?
— ಮಲ್ಲೇಶ್ವರ

ಅಲ್ಲ. ನಮ್ಮದು ಮೂರು ಪಟ್ಟೆಯದೇ ಬೇರೆ ಜಾತಿ, ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1766ರಲ್ಲಿ ಹೆಸರಿಟ್ಟದ್ದು. ಉತ್ತರ ಭಾರತದ ಊರುಗಳಲ್ಲಿ ಕಾಣುವುದು ಐದು ಪಟ್ಟೆಯದು. ಅದರ ಎರಡು ಪಟ್ಟೆ ಪಕ್ಕೆಯ ಕಡೆ ತುಸು ಮಾಸಲಾಗಿರುತ್ತವೆ. ರಾಮ ಬೆನ್ನು ಸವರಿದಾಗ ಮೂರು ಬೆರಳಿನ ಗುರುತು ಮೂಡಿತು ಎನ್ನುವ ಕತೆ ಕಟ್ಟಿದವರು ನಮ್ಮ ಕಡೆಯವರೇ ಇರಬೇಕು ಎಂಬುದು ನನ್ನ ಗುಮಾನಿ.

ಪ್ರಶ್ನೆ: ಅವರೆಕಾಯಿ ಕಾಲ. ಮನೆಯಲ್ಲಿ ದಿನವೂ ಹಿತಕಿದ ಬೇಳೆ. ಉಳಿದ ಹಸಿ ಕಾಳನ್ನು ಅಳಿಲಿಗೆ ಹಾಕಬಹುದೆ? ಬಿಸ್ಕತ್ತು, ಚಿತ್ರಾನ್ನ, ಕಾಂಗ್ರೆಸ್ ಕಡಲೆಬೀಜ ಎಲ್ಲವನ್ನೂ ತಿನ್ನುತ್ತದೆ, ಏನೂ ಆಗಿಲ್ಲ.
— ನಿವೃತ್ತ ಬ್ಯಾಂಕ್ ನೌಕರ, ಜಯನಗರ

"ತಿನ್ನುತ್ತದೆ, ಏನೂ ಆಗಿಲ್ಲ" ಎನ್ನುವ ಮಾತನ್ನು ನಾನು ಪಾಠ ಹೇಳುತ್ತಿದ್ದ ಕಾಲದಿಂದಲೂ ಕೇಳಿಕೊಂಡು ಬಂದಿದ್ದೇನೆ ಸ್ವಾಮಿ. ಅಳಿಲು ಬಂದು ನಿಮಗೆ ರಿಪೋರ್ಟ್ ತೋರಿಸುವುದಿಲ್ಲ.

ಬಲಿತ ಅವರೆಕಾಳನ್ನು ಹಸಿಯಾಗಿ ಕೊಡಬೇಡಿ. ಅದರಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ನಾವು ನೆನೆಸಿ ಬೇಯಿಸಿ ತಿನ್ನುವುದರಿಂದ ನಮಗೆ ತೊಂದರೆಯಿಲ್ಲ. ಕಾಂಗ್ರೆಸ್ ಕಡಲೆಬೀಜದಲ್ಲಿ ಉಪ್ಪು, ಖಾರ, ಇಂಗು. ನಮಗೆ ಕಾಫಿಯ ಜೊತೆ ಸ್ವರ್ಗ, 100 ಗ್ರಾಮಿನ ಜೀವಕ್ಕೆ ಶಿಕ್ಷೆ. ಚಿತ್ರಾನ್ನದ್ದೂ ಅದೇ ಹಾಡು. ಬಿಸ್ಕತ್ತು ಬರೀ ಸಕ್ಕರೆ-ಮೈದಾ. ಅಳಿಲು ಆಸೆಯಿಂದ ತಿನ್ನುತ್ತದೆ, ಹೊಟ್ಟೆ ತುಂಬಿದ ಮೇಲೆ ತನಗೆ ಬೇಕಾದ ಹುಳು-ಚಿಗುರಿನ ತಂಟೆಗೆ ಹೋಗುವುದಿಲ್ಲ.

ಕಡಲೆಬೀಜ, ಸೂರ್ಯಕಾಂತಿ ಬೀಜಗಳನ್ನೇ ಮೂರು ಹೊತ್ತೂ ಹಾಕುವುದೂ ಸರಿಯಲ್ಲ. ಇವುಗಳಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಆ ಕೊರತೆ ತುಂಬಲು ದೇಹ ತನ್ನ ಮೂಳೆಯಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ. ಪಂಜರದಲ್ಲಿಟ್ಟು ಬರೀ ಬೀಜ ತಿನ್ನಿಸಿ ಸಾಕಿದ ಅಳಿಲುಗಳ ಹಿಂಗಾಲು ಬಿದ್ದುಹೋಗುವುದು ಇದರಿಂದಲೇ. ಹೊರಗೆ ತಿರುಗಾಡುವ ಅಳಿಲು ಬೇರೆಯದನ್ನೂ ತಿನ್ನುವುದರಿಂದ ಅಷ್ಟು ದೂರ ಹೋಗುವುದಿಲ್ಲ, ಆದರೆ ನೀವೇ ಅದರ ಮೆಸ್ ಆಗಿಬಿಟ್ಟರೆ ಅಪಾಯ ಹತ್ತಿರ ಬಂತು.

ಒಂದು ಚೂರು ಸೀಬೆ, ಪಪ್ಪಾಯ, ಸೌತೆಕಾಯಿ, ಹೆಬ್ಬೆರಳಿನ ಉಗುರಿನಷ್ಟು ತೆಂಗಿನಕಾಯಿ — ಇವು ಒಳ್ಳೆಯವು. ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಕೊಬ್ಬರಿ, ಕಡಲೆಬೀಜ ಆರಿಸಿ ಕೊಡಿ. ಬೆಲ್ಲ, ಸಕ್ಕರೆ ಅಚ್ಚು ನೀವೇ ತಿನ್ನಿ.

ಪ್ರಶ್ನೆ: ನಮ್ಮ ಅಳಿಲು ಅಡುಗೆಮನೆಯ ಗ್ರಿಲ್‌ಗೆ ಬಂದು ಕೈಯಿಂದಲೇ ತಿನ್ನುತ್ತದೆ. ಮೊನ್ನೆ ಮೊಮ್ಮಗಳ ಬೆರಳು ಕಚ್ಚಿ ರಕ್ತ ಬಂತು. ರೇಬಿಸ್ ಇಂಜೆಕ್ಷನ್ ಬೇಕೆ?
— ವಿಜಯನಗರ

ಮೊದಲು ಕೆಲಸದ ಮಾತು. ಗಾಯವನ್ನು ಹರಿಯುವ ನೀರಿನಲ್ಲಿ, ಸೋಪು ಹಚ್ಚಿ, 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ. ಅವತ್ತು ತೋರಿಸದಿದ್ದರೆ ಈ ಪತ್ರಿಕೆ ಕೆಳಗಿಟ್ಟು ಈಗಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅಳಿಲಿನಿಂದ ರೇಬಿಸ್ ಹರಡುವುದು ತೀರಾ ಅಪರೂಪ. ಆದರೂ ಇಂಜೆಕ್ಷನ್ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ವೈದ್ಯರು, ಅಂಕಣ ಬರೆಯುವ ನಾನಲ್ಲ, ಎದುರುಮನೆಯವರೂ ಅಲ್ಲ. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು ಎಂದೂ ಕೇಳುತ್ತಾರೆ, ಕಾರ್ಡ್ ತೆಗೆದುಕೊಂಡು ಹೋಗಿ.

ಅಳಿಲಿಗೆ ನಿಮ್ಮ ಮೊಮ್ಮಗಳ ಮೇಲೆ ಸಿಟ್ಟೇನಿಲ್ಲ. ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಮೇಲಿನಿಂದ ಎರಗುವ ಹದ್ದು, ಹಿಂದಿನಿಂದ ಬರುವ ಬೆಕ್ಕು ಕಾಣಲಿ ಎಂಬುದಕ್ಕೆ ಆ ಏರ್ಪಾಡು, ಮೂತಿಯ ಮುಂದಿರುವುದನ್ನು ನೋಡಲು ಅಷ್ಟು ಅನುಕೂಲವಿಲ್ಲ. ಕಡಲೆ ವಾಸನೆ ಹತ್ತಿದ ಪುಟ್ಟ ಬೆರಳು ಅದಕ್ಕೆ ಇನ್ನೊಂದು ಕಡಲೆ.

ಕೈಯಿಂದ ತಿನ್ನಿಸುವುದನ್ನು ನಾನು ಒಪ್ಪುವುದಿಲ್ಲ, ಕಚ್ಚುತ್ತದೆ ಎಂಬ ಒಂದೇ ಕಾರಣಕ್ಕಲ್ಲ. ನಿಮ್ಮ ಗ್ರಿಲ್‌ನಲ್ಲಿ ಭಯ ಬಿಟ್ಟ ಅಳಿಲು ಪಕ್ಕದವರ ಗ್ರಿಲ್‌ನಲ್ಲೂ ಭಯ ಬಿಡುತ್ತದೆ. ಅಲ್ಲಿ ಇಲಿಗೆಂದು ಅಂಟಿನ ಹಲಗೆ ಇಟ್ಟಿರುತ್ತಾರೆ. ಅದಕ್ಕೆ ಸಿಕ್ಕಿದ ಅಳಿಲನ್ನು ನೀವು ನೋಡಿಲ್ಲದಿದ್ದರೆ ನಿಮ್ಮ ಪುಣ್ಯ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಹೊಟ್ಟೆಯ ಕೂದಲು, ಚರ್ಮ ಕಿತ್ತು ಬರುತ್ತದೆ. ಇನ್ನು ಕೆಲವರು ಹಿಟ್ಟಿನಲ್ಲಿ ಇಲಿ ಪಾಷಾಣ ಕಲಸಿಡುತ್ತಾರೆ. ನಿಮ್ಮ ಪ್ರೀತಿಗೆ ಬೆಲೆ ತೆರುವುದು ಅದು. ತಟ್ಟೆಯಲ್ಲಿಟ್ಟು ದೂರ ಬನ್ನಿ, ಮೊಮ್ಮಗಳು ಕಿಟಕಿಯೊಳಗಿಂದ ನೋಡಲಿ.

ಪ್ರಶ್ನೆ: ತಟ್ಟೆ ಎಲ್ಲಿಡಬೇಕು? ಇಟ್ಟರೆ ಪಾರಿವಾಳ, ರಾತ್ರಿ ಇಲಿ. ಜೊತೆಗೆ ಬೆಳಗ್ಗೆ ಅಳಿಲು ಒಂದೇ ಸಮನೆ "ಚಿಕ್ ಚಿಕ್ ಚಿಕ್" ಎಂದು ಕಿರುಚಿ ತಲೆ ಚಿಟ್ಟು ಹಿಡಿಸುತ್ತದೆ. ಹಸಿವಾಗಿಯೇ?
— ರಾಜರಾಜೇಶ್ವರಿ ನಗರ

ಹಸಿವಿಗಲ್ಲ. ಕೂಗುವಾಗ ಬಾಲ ನೋಡಿ. ಪ್ರತಿ ಕೂಗಿಗೂ ಬಾಲ ಝಾಡಿಸುತ್ತಿದ್ದರೆ ಹತ್ತಿರದಲ್ಲೆಲ್ಲೋ ಬೆಕ್ಕಿದೆ, ಇಲ್ಲವೇ ಕೇರೆಹಾವೋ ಬಿಜ್ಜು ಎಂಬ ಬೇಟೆಹಕ್ಕಿಯೋ ಇದೆ. ಅದು ಮುಖ ಮಾಡಿದ ದಿಕ್ಕಿಗೆ ನೀವೂ ಒಮ್ಮೆ ನೋಡಿ, ನಿಮ್ಮ ಕಾರಿನ ಕೆಳಗೇ ಬೆಕ್ಕು ಮಲಗಿರಬಹುದು. ಕಳ್ಳ ಸಿಕ್ಕಿಬಿದ್ದ ಮೇಲೂ ಕೂಗು ಎಷ್ಟೋ ಹೊತ್ತು ನಿಲ್ಲುವುದಿಲ್ಲ, ಅದು ಅದರ ಸ್ವಭಾವ.

ತಟ್ಟೆಯನ್ನು ನೆಲಕ್ಕಿಂತ ಎತ್ತರದಲ್ಲಿ, ಅಳಿಲು ಒಂದೇ ನೆಗೆತಕ್ಕೆ ಮರ ಸೇರುವ ಜಾಗದಲ್ಲಿಡಿ. ಬೆಕ್ಕು ಹೊಂಚು ಹಾಕುವಂಥ ಕುಂಡಗಳ ಸಾಲು, ಪೊದೆ ಪಕ್ಕದಲ್ಲಿ ಬೇಡ. ಅಳಿಲು ಹಗಲಿನ ಪ್ರಾಣಿ. ಕತ್ತಲಾದ ಮೇಲೆ ತಟ್ಟೆಯಲ್ಲಿ ಉಳಿದದ್ದೆಲ್ಲ ಇಲಿಯ ಪಾಲು, ಸಂಜೆಗೇ ತೆಗೆದುಬಿಡಿ, ತೊಳೆದಿಡಿ. ಪಾರಿವಾಳದ ಕಾಟ ಬಿಡಿಸಿದ ಬೀಜದಿಂದ, ಅಕ್ಕಿಯಿಂದ. ಸಿಪ್ಪೆಯಿರುವ ಕಾಯಿಯನ್ನು ಒಡೆಯಲು ಅದಕ್ಕೆ ಬರುವುದಿಲ್ಲ.

ಪ್ರಶ್ನೆ: ತಾರಸಿ ತೋಟದ ಸಪೋಟ, ಸೀಬೆ ಒಂದನ್ನೂ ಬಿಡದೆ ಅಳಿಲು ಅರ್ಧ ತಿಂದು ಬಿಸಾಕುತ್ತದೆ. ಪಕ್ಕದ ಮನೆಯವರು ದಿನಾ ಉಣಿಸಿ ಸಾಕುತ್ತಿದ್ದಾರೆ. ಹೊಟ್ಟೆ ತುಂಬಿದರೆ ನಮ್ಮ ತೋಟಕ್ಕೆ ಬರುವುದಿಲ್ಲ ಅನ್ನುತ್ತಾರೆ.
— ನೊಂದವರು, ನಾಗರಬಾವಿ

ಪಕ್ಕದ ಮನೆಯವರ ಲೆಕ್ಕ ತಪ್ಪು. ಊಟ ಹೆಚ್ಚಿದ ಕಡೆ ಅಳಿಲು ಹೆಚ್ಚುತ್ತವೆ, ಊಟವಾದ ಮೇಲೆ ಹಣ್ಣು ತಿನ್ನಲು ನಿಮ್ಮಲ್ಲಿಗೇ ಬರುತ್ತವೆ. ಹಣ್ಣು ಬಲಿಯುವ ಮುಂಚೆಯೇ ಒಂದೊಂದಕ್ಕೂ ತಂತಿ ಬಲೆಯ ಚೀಲ ಕಟ್ಟಿ. ಬಟ್ಟೆಯದನ್ನು ಕಡಿದು ಹಾಕುತ್ತದೆ. ಗಿಡಕ್ಕೆ ಮೆಣಸಿನಪುಡಿ ಎರಚುವ ಉಪಾಯ ಮಳೆ ಬರುವವರೆಗೆ ಮಾತ್ರ. ಈ ಅಂಕಣದ ಒಂದು ಪ್ರತಿಯನ್ನು ಕಾಂಪೌಂಡಿನಾಚೆ ಕಳಿಸಲು ನನ್ನ ಅಭ್ಯಂತರವಿಲ್ಲ.

ಪ್ರಶ್ನೆ: ಮನೆ ಮುಂದಿನ ಮರದ ಕೊಂಬೆ ಕಡಿದಾಗ ನಾರಿನ ಗೂಡೊಂದು ಬಿತ್ತು, ಎರಡು ಮರಿಗಳಿವೆ. ಕಣ್ಣು ಬಿಟ್ಟಿಲ್ಲ. ಫಿಲ್ಲರಿನಲ್ಲಿ ಹಸುವಿನ ಹಾಲು ಕೊಡುತ್ತಿದ್ದೇವೆ.
— ಕಾಲೇಜು ವಿದ್ಯಾರ್ಥಿನಿ, ಯಶವಂತಪುರ

ಇವರಿಗೆ ಅಂದೇ ಫೋನಿನಲ್ಲಿ ಉತ್ತರಿಸಿದ್ದಾಯಿತು. ಎಲ್ಲರಿಗೂ ಬೇಕಾಗುವ ವಿಷಯವಾದ್ದರಿಂದ ಇಲ್ಲೂ ಬರೆಯುತ್ತೇನೆ.

ಹಾಲು ನಿಲ್ಲಿಸಿ. ಹಸುವಿನ ಹಾಲು ಅಳಿಲಿನ ಮರಿಗೆ ಅರಗುವುದಿಲ್ಲ, ಭೇದಿಯಾಗಿ ಮರಿ ಸೊರಗುತ್ತದೆ. ಫಿಲ್ಲರಿನಿಂದ ಸುರಿದದ್ದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕೆಟ್ಟದ್ದು. ಆ ಮರಿಗೆ ಹಾಲಿಗಿಂತ ಮೊದಲು ಬೇಕಾದದ್ದು ಬಿಸುಪು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ನೇರ ತಾಗಬಾರದು. ಮೈ ಬೆಚ್ಚಗಾದ ಮೇಲೆ, ಬಿದ್ದ ಗೂಡಿನ ನಾರಿನ ಸಮೇತ ಒಂದು ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅದೇ ಮರಕ್ಕೆ, ಆ ಮರವೇ ಇಲ್ಲದಿದ್ದರೆ ಪಕ್ಕದ ಮರಕ್ಕೆ, ಕೈಗೆಟುಕುವಷ್ಟು ಎತ್ತರದಲ್ಲಿ ಕಟ್ಟಿ. ಮೇಲೆ ಕಾಗೆಗೆ ಕಾಣದಂತೆ ಅರ್ಧ ಮುಚ್ಚಿ, ಪಕ್ಕದಲ್ಲಿ ತಾಯಿ ನುಗ್ಗುವಷ್ಟು ತೂತು ಬಿಡಿ. ಆಮೇಲೆ ಎಲ್ಲರೂ ಒಳಗೆ ಹೋಗಿ. ಇದು ಕಷ್ಟದ ಭಾಗ, ಯಾಕೆಂದರೆ ಬೀದಿಯ ಮಕ್ಕಳೆಲ್ಲ ಅಲ್ಲೇ ನಿಂತಿರುತ್ತಾರೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎನ್ನುವುದು ಕಟ್ಟುಕತೆ. ಗಲಾಟೆ ಕಡಿಮೆಯಾದರೆ ಅದು ಬಂದು, ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ಒಂದೊಂದಾಗಿ ಬೇರೆ ಗೂಡಿಗೆ ಸಾಗಿಸುತ್ತದೆ. ಹೊತ್ತು ಮುಳುಗುವವರೆಗೂ ಬಾರದಿದ್ದರೆ, ಮರಿಗೆ ಗಾಯವಾಗಿದ್ದರೆ, ಬೆಕ್ಕು ಬಾಯಿ ಹಾಕಿದ್ದರೆ ಕೆಂಗೇರಿಯ ಪೀಪಲ್ ಫಾರ್ ಆ್ಯನಿಮಲ್ಸ್ ವನ್ಯಜೀವಿ ಆಸ್ಪತ್ರೆಯವರಿಗೆ ತಿಳಿಸಿ. ಸಾಕಲು ಮಾತ್ರ ಹೋಗಬೇಡಿ.

ಪ್ರಶ್ನೆ: ಮಗನ ಮನೆಗೆಂದು ನ್ಯೂಜೆರ್ಸಿಗೆ ಬಂದಿದ್ದೇವೆ, ಮಾರ್ಚ್‌ವರೆಗೆ ಇಲ್ಲೇ. ಬನಶಂಕರಿಯಲ್ಲಿ ಅಳಿಲಿಗೆ ಹಾಕಿ ಅಭ್ಯಾಸ. ಇಲ್ಲಿನವು ದೊಡ್ಡವು, ಪಟ್ಟೆಯೇ ಇಲ್ಲ. ಹಾಕಲೇ?
— ಬನಶಂಕರಿ, ಸದ್ಯಕ್ಕೆ ಅಮೆರಿಕ

ಗಿರಿನಗರದವರು ಓದಿದ ಸಲಹೆ ನಿಮಗೆ ಹೊಂದುತ್ತದೆ ನೋಡಿ! ಅವು ಬೂದು ಅಳಿಲು, ನಮ್ಮದರ ಐದು ಪಟ್ಟು ತೂಗುತ್ತವೆ. ಹಿಮ ಬಿದ್ದ ವಾರಗಳಲ್ಲಿ ಸಿಪ್ಪೆ ಸಮೇತದ ಅಕ್ರೋಟು, ಉಪ್ಪಿಲ್ಲದ ಹುರಿದ ಕಡಲೆಕಾಯಿ ಒಂದಿಷ್ಟು ಇಡಬಹುದು. ನೀರು ಗಡ್ಡೆ ಕಟ್ಟುವ ದಿನ ಒಂದು ಬಟ್ಟಲು ಉಗುರುಬೆಚ್ಚಗಿನ ನೀರು ಇನ್ನೂ ಉಪಕಾರ. ಆದರೆ ಮೊದಲು ಮಗನನ್ನು ಕೇಳಿ. ಆ ರಾಜ್ಯದಲ್ಲಿ ಕಪ್ಪು ಕರಡಿಗಳಿವೆ, ಕರಡಿಗೆ ಆಹಾರ ಸಿಗುವಂತೆ ಇಡುವುದು ಅಲ್ಲಿ ಕಾನೂನಿಗೆ ವಿರುದ್ಧ. "ನಾನು ಅಳಿಲಿಗೆ ಇಟ್ಟಿದ್ದು" ಎಂದರೆ ಕೇಳುವುದಿಲ್ಲ.

ಕಾಲ ಕಳೆಯಲು ಒಂದು ಕೆಲಸ ಹೇಳುತ್ತೇನೆ. ಮತ್ತೆ ಶರತ್ಕಾಲಕ್ಕೆ ಹೋದಾಗ ಓಕ್ ಮರಗಳ ಕೆಳಗೆ ಕೂತು ನೋಡಿ. ಕೆಂಪು ಓಕ್ ಬೀಜ ಸಿಕ್ಕರೆ ಅಳಿಲು ಹೂತಿಡುತ್ತದೆ, ಬಿಳಿ ಓಕ್ ಬೀಜವಾದರೆ ಹೆಚ್ಚಾಗಿ ಅಲ್ಲೇ ತಿಂದು ಮುಗಿಸುತ್ತದೆ. ಕೆಂಪು ಓಕ್ ಬೀಜ ಮೊಳೆಯುವುದು ವಸಂತಕ್ಕೆ, ಅಲ್ಲಿಯವರೆಗೆ ಕೆಡದೆ ಇರುತ್ತದೆ. ಬಿಳಿಯದು ಬಿದ್ದ ಕೂಡಲೇ ಮೊಳಕೆ ಬಿಡುತ್ತದೆ, ಇಟ್ಟರೆ ನಷ್ಟ. ಹೂಳಲೇಬೇಕಾಗಿ ಬಂದರೆ ಬಿಳಿ ಓಕ್ ಬೀಜದ ಭ್ರೂಣವನ್ನೇ ಹಲ್ಲಿನಿಂದ ಕಿತ್ತುಹಾಕಿ, ಮೊಳಕೆಯೊಡೆಯದಂತೆ ಮಾಡಿ ಹೂಳುವುದೂ ಉಂಟು. ಇದನ್ನು ತರಗತಿಯಲ್ಲಿ ಹೇಳಿದಾಗೆಲ್ಲ ಹಿಂದಿನ ಬೆಂಚೂ ಎದ್ದು ಕೂರುತ್ತಿತ್ತು.

ಪ್ರಶ್ನೆ: ಸಂಕ್ರಾಂತಿಗೆ ಊರಿಗೆ ಹೋದರೆ ಬರುವುದು ತಿಂಗಳಾಗುತ್ತದೆ. ಅಷ್ಟು ದಿನ ನಮ್ಮ ಅಳಿಲುಗಳ ಗತಿ?
— ಹನುಮಂತನಗರ

ಊಟದ ಮಟ್ಟಿಗೆ ಏನೂ ಆಗುವುದಿಲ್ಲ. ಈಗಿನಿಂದಲೇ ಎರಡು ದಿನಕ್ಕೊಮ್ಮೆ, ನಾಲ್ಕು ದಿನಕ್ಕೊಮ್ಮೆ ಎಂದು ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿ. ನೀವು ಬಸ್ಸು ಹತ್ತುವ ಮೊದಲೇ ಅವು ಬೇರೆ ಮರ ನೋಡಿಕೊಂಡಿರುತ್ತವೆ.

ಮೊದಲ ಉತ್ತರದಲ್ಲಿ ಆಮೇಲೆ ಎಂದಿದ್ದ ನೀರಿನ ಮಾತು ನಿಮಗೇ ಹೇಳುತ್ತೇನೆ. ಜನವರಿ, ಫೆಬ್ರವರಿಯಲ್ಲಿ ಬೆಂಗಳೂರಿಗೆ ಮಳೆ ಬರುವುದೇ ಅಪರೂಪ. ಏಪ್ರಿಲ್‌ನ ಗುಡುಗು ಮಳೆವರೆಗೆ ಗಟಾರವೂ ಒಣಗಿರುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಾಯಾರಿದ ಅಳಿಲು ನೀರಿನ ಸಂಪಿನೊಳಕ್ಕೆ, ಡ್ರಮ್ಮಿಗೆ, ಬಚ್ಚಲ ಬಕೆಟ್ಟಿಗೆ ಇಳಿಯುತ್ತದೆ. ನುಣುಪಾದ ಗೋಡೆ ಹತ್ತಲಾಗದೆ ಅಲ್ಲೇ ಮುಳುಗಿ ಸಾಯುತ್ತದೆ. ಹೊರಡುವ ಮುನ್ನ ಸಂಪಿನ ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ, ಖಾಲಿ ಬಕೆಟ್ ಬೋರಲು ಹಾಕಿ, ಮುಚ್ಚಲಾಗದ ಡ್ರಮ್ಮಿಗೆ ಒಂದು ಒರಟು ಕೋಲೋ ತೆಂಗಿನ ಹಗ್ಗವೋ ಇಳಿಬಿಡಿ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರು, ನಡುವೆ ಒಂದು ಕಲ್ಲು. ದಿನಾ ಚೆಲ್ಲಿ ಹೊಸ ನೀರು ತುಂಬಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ. ಮನೆಯ ಕೀಲಿ ಯಾರ ಕೈಗೆ ಕೊಟ್ಟು ಹೋಗುತ್ತೀರೋ ಅವರಿಗೇ ಈ ಕೆಲಸವನ್ನೂ ಒಪ್ಪಿಸಿ.